ಆರನೇ ಪದದ ಬಯಲು

ಪಿಳ್ಳಮ್ಮನ ಬಿಲ್ಡಿಂಗಿನ ತಾರಸಿಯ ಮೇಲೆ ಇಂಗ್ಲಿಷ್ ಭಜನೆ ಶುರುವಾದದ್ದು ಒಂದು ಜಗಳದಿಂದ. ಅದೂ ಎಂಥ ಜಗಳ ಅಂತೀರಿ, ನೀರಿನ ಟ್ಯಾಂಕಿನ ಪಕ್ಕದ ಎಂಟಡಿ ನೆರಳಿಗಾಗಿ.

ಬೊಮ್ಮಸಂದ್ರದ ಫ್ಯಾಕ್ಟರಿಗಳ ಬೆನ್ನಿಗೆ ಅಂಟಿಕೊಂಡಂತೆ ಇರುವ ಮೂರು ಅಂತಸ್ತಿನ ಕಟ್ಟಡ ಅದು. ಒಂದು ಕಾಲಕ್ಕೆ ಪಿಳ್ಳಮ್ಮ ಅಲ್ಲಿ ರಾಗಿ ಬೆಳೆಯುತ್ತಿದ್ದಳು, ಈಗ ಹದಿನಾಲ್ಕು ರೂಮು ಬೆಳೆದಿವೆ. ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಬಿಸಿಲು ಟ್ಯಾಂಕಿನ ಹಿಂದಕ್ಕೆ ಸರಿದರೆ ಈಚೆಗೊಂದು ತಂಪು ನೆರಳು ಬೀಳುತ್ತದೆ. ಆ ನೆರಳಿನಲ್ಲಿ ಚಾಪೆ ಹಾಸಿ ಭಜನೆಗೆ ಕೂರುವುದು ಕೆಳಗಿನ ಅಂತಸ್ತಿನ ಭರಮಪ್ಪನ ರೂಢಿ. ಕುಷ್ಟಗಿ ಕಡೆಯವನು, ಪ್ರೆಸ್ ಶಾಪಿನಲ್ಲಿ ಆಪರೇಟರ್. ಹೆಂಡತಿ ಸಿದ್ದಕ್ಕ ತಾಳ ಹಿಡಿಯುತ್ತಿದ್ದಳು. ಪಕ್ಕದ ರೂಮಿನ ಯಮನೂರ, ಅದೇ ಫ್ಯಾಕ್ಟರಿಯಲ್ಲಿ ಭರಮಪ್ಪನಿಗೆ ಜೋಡಿಯಾಗಿ ಕೆಲಸ ಮಾಡುವವನು, ದಮ್ಮಡಿ ಬಡಿಯುತ್ತಿದ್ದ.

ಅದೇ ಹೊತ್ತಿಗೆ ಅದೇ ನೆರಳಿಗೆ ಮೂರನೇ ಅಂತಸ್ತಿನ ಸ್ಪೂರ್ತಿ ಬರತೊಡಗಿದಳು. ತಿಪಟೂರಿನ ಹುಡುಗಿ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಕೈಯಲ್ಲಿ ನೀರಿನ ಲೋಟದಷ್ಟು ದೊಡ್ಡ ಸ್ಪೀಕರು, ಅದರೊಳಗಿಂದ ಯಾರೋ ಬಿಳಿಯ ಪ್ರಾಣ ಹೋಗುವ ಹಾಗೆ ಕೂಗುತ್ತಿದ್ದ.

"ಅಕ್ಕಾರ, ನಿಮ್ಮಾಂವ ಯಾಕ ಹಿಂಗ ಒದರಾಕತ್ತಾನ? ಹಲ್ಲ ಕೀಳಾಕತ್ತಾರೇನು?" ಎಂದ ಯಮನೂರ.

"ಹಲೋ, ಅದು ರಾಕ್, ಗುರು. ಐವತ್ತು ವರ್ಷದ ಹಳೇ ಆಲ್ಬಮ್ಮು. ಕ್ಲಾಸಿಕ್. ನಿಮ್ ತಾಳದ ಸೌಂಡಲ್ಲಿ ನಂಗೊಂದು ಪದಾನೂ ಕೇಳಿಸ್ತಿಲ್ಲ."

"ನಿಮ್ಮಾಂವನ ಸೌಂಡಿನ್ಯಾಗ ನಮ್ಮ ದೇವರಿಗೇ ಕೇಳಸವಲ್ದು!"

ಅವಳು ಸೌಂಡ್ ಏರಿಸಿದಳು, ಇವನು ದಮ್ಮಡಿ ಏರಿಸಿದ. ಟ್ಯಾಂಕ್ ತುಂಬಿತೋ ಇಲ್ಲವೋ ನೋಡಲು ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ ಪಿಳ್ಳಮ್ಮ ಎರಡೂ ಕಡೆ ನೋಡಿದಳು.

"ಏನ್ರಲಾ ಇದು, ಸಂತೇನಾ? ನೋಡಮ್ಮಿ, ಅವರ್ದು ನೀನು ಕೇಳು. ಏ ಬರಮಪ್ಪ, ಅವಳ್ದು ನೀವು ಕೇಳಿ. ಅಂಗೆ ಆಗಾಕಿಲ್ಲ ಅಂದ್ರೆ ಎಲ್ರೂ ಕೆಳಗಿಳೀರಿ, ನಾನು ಸಂಡಿಗೆ ಒಣಾಕ್ತೀನಿ."

ತೀರ್ಪು ಕೊಟ್ಟವಳು ಅದು ಜಾರಿಯಾಗುತ್ತದೋ ಇಲ್ಲವೋ ನೋಡಲು ತಾನೂ ಅಲ್ಲೇ ಕೂತಳು. ಹೀಗೆ ಶುರುವಾಯಿತು.

ಸ್ಪೂರ್ತಿಗೆ ಇಡೀ ಆಲ್ಬಮ್ಮನ್ನು ಒಂದೇ ಉಸಿರಿಗೆ ಕೇಳಿಸಿಬಿಡುವ ಆಸೆ. ಒಂಬತ್ತು ಹಾಡು, ನಲವತ್ತು ನಿಮಿಷ. ಭರಮಪ್ಪ ಕೈ ಎತ್ತಿ ತಡೆದ.

"ತಂಗಿ, ಒಂಬತ್ತೂ ಪದಾ ಒಮ್ಮೆ ನುಂಗಿದ್ರ ಅಜೀರ್ಣ ಆಗ್ತೈತಿ. ನಮ್ಮಲ್ಲಿ ಒಂದು ಕೂಟಕ್ಕ ಒಂದ ಪದ. ಮೊದಲ ಕೇಳೂದು. ಆಮ್ಯಾಲ ಒಬ್ಬಾಂವ ಅರ್ಥ ಹೇಳೂದು. ಆಮ್ಯಾಲ ಉಳದಾವ್ರು ಸವಾಲ ಹಾಕೂದು. ಜವಾಬ ಸಿಗೂತನಾ ಮುಂದಿನ ಪದಕ್ಕ ಹೋಗಂಗಿಲ್ಲ."

ಸ್ಪೂರ್ತಿ ನಕ್ಕಳು. ಆದರೆ ಮೂರನೇ ವಾರದ ಹೊತ್ತಿಗೆ ಆ ನಗು ಹೋಗಿತ್ತು. ಅವಳು ಹತ್ತು ವರ್ಷದಿಂದ ಕೇಳುತ್ತ ಬಂದ ಆಲ್ಬಮ್ಮು ಅದು. ಇಂಗ್ಲೆಂಡಿನ ಒಂದು ಊರಿನ ನಾಲ್ಕು ಜನ ಉದ್ದಗೂದಲಿನವರು ಕಟ್ಟಿದ ಕಥೆ: ಸಮುದ್ರದ ನಡುವೆ ಬಂಡೆಯ ಮೇಲೊಂದು ದೀಪದ ಗೋಪುರ, ಹಡಗುಗಳಿಗೆ ದಾರಿ ತೋರಿಸಲು ಅಲ್ಲಿ ಒಬ್ಬನೇ ಕಾವಲುಗಾರ. ಒಂದು ದಿನ ಅವನು ದೀಪ ಹಚ್ಚುವುದಿಲ್ಲ. ಯಾಕೆ ಅನ್ನುವುದೇ ಒಂಬತ್ತು ಹಾಡು. ಸ್ಪೂರ್ತಿ ಸಾಲು ಸಾಲಾಗಿ ಕನ್ನಡ ಮಾಡಿ ಹೇಳಿದರೆ, ಭರಮಪ್ಪ ಕಣ್ಣು ಮುಚ್ಚಿ ಕೇಳಿ, ಅದಕ್ಕೊಂದು ಒಳ ಅರ್ಥ ಬಿಡಿಸುತ್ತಿದ್ದ.

ಸವಾಲುಗಳೂ ಬೀಳುತ್ತಿದ್ದವು, ಯಂತ್ರದಿಂದ ತಗಡು ಬಿದ್ದ ಹಾಗೆ.

"ಅಲ್ಲಾ ತಂಗಿ, ಅವಂಗ ಊಟಕ್ಕ ಯಾರು ತಂದು ಕೊಡ್ತಾರ?" ಸಿದ್ದಕ್ಕನ ಮೊದಲ ಸವಾಲು.

"ತಿಂಗಳಿಗೊಂದ್ಸಲ ದೋಣಿ ಬರುತ್ತೆ ಅಕ್ಕ, ಎರಡನೇ ಹಾಡಲ್ಲಿದೆ."

"ರಜಾ ಇಲ್ಲ, ರಿಲೀವರ್ ಇಲ್ಲ," ಎಂದ ಯಮನೂರ. "ಅದಕ್ಕ ಒದರಾಕತ್ತಾನ. ಈಗ ತಿಳೀತು."

ಸ್ಪೂರ್ತಿ ಗಿಟಾರಿನ ಬಗ್ಗೆ ಓದಿದ್ದನ್ನೆಲ್ಲ ಹೇಳುತ್ತಿದ್ದಳು. ಭರಮಪ್ಪ ಓದಿದವನಲ್ಲ. ಆದರೆ ನಾಲ್ಕನೇ ಹಾಡು ಮುಗಿದಾಗ, "ಡೋಲು ಬಾರಸಾಂವಂದು ದಪ್ಪ ಏಟು ಒಂದೀಟು ತಡಾ ಬೀಳ್ತೈತಿ. ಬೇಕಂತನ ಮಾಡ್ಯಾನ. ದಣದಾಂವ ಮೆಟ್ಟಲಾ ಹತ್ತಿದಂಗ" ಎಂದ. ಸ್ಪೂರ್ತಿ ಆ ಹಾಡನ್ನು ಹಿಂದಕ್ಕೆ ತಳ್ಳಿ ಕೇಳಿದಳು, ಇನ್ನೊಮ್ಮೆ ಕೇಳಿದಳು, ಆಮೇಲೆ ಸುಮ್ಮನೆ ಅವನ ಮುಖ ನೋಡಿದಳು.

ಭರಮಪ್ಪನಿಗೆ ಬೇಕಾಗಿದ್ದದ್ದು ಆ ನೋಟ. ಬೇರೆ ಎಲ್ಲೂ ಅದು ಅವನಿಗೆ ಸಿಗುತ್ತಿರಲಿಲ್ಲ. ಊರು ಬಿಟ್ಟು ಹತ್ತೊಂಬತ್ತು ವರ್ಷವಾಗಿತ್ತು. ಮೊದಲ ಐದು ವರ್ಷ ಗಾರೆ ಹೊತ್ತ, ಆಮೇಲೆ ಈ ಪ್ರೆಸ್ ಶಾಪು. ಗೇಟಿನಲ್ಲಿ ಅವನು ಒಂದು ನಂಬರು, ರಸ್ತೆಯಲ್ಲಿ ಯಾರೋ ಒಬ್ಬ 'ಅಣ್ಣ'. ಭಾನುವಾರ ತಾರಸಿಯ ಮೇಲೆ ಮಾತ್ರ ಅವನು ಅರ್ಥ ಹೇಳುವ ಭರಮಪ್ಪ. ಆ ವಿದ್ಯೆ ಕಲಿಸಿದ್ದು ಅವನ ದೊಡ್ಡವ್ವ ಹೊಳೆವ್ವ. ಏಕತಾರಿ ಹಿಡಿದು ಊರೂರಿನಲ್ಲಿ ಹಾಡುತ್ತಿದ್ದ ಆ ಮುದುಕಿ, "ಪದಾ ಬಾಯಾಗ ಇರ್ತೈತಿ, ಅರ್ಥ ಕಿವ್ಯಾಗ ಇರ್ತೈತಿ" ಎನ್ನುತ್ತಿದ್ದಳು.

ಫ್ಯಾಕ್ಟರಿಯಲ್ಲಿ ಅವನಿಗಿದ್ದ ಅಷ್ಟಿಷ್ಟು ಹೆಸರೂ ಕಿವಿಯಿಂದಲೇ. ಕಾರಿನ ಬಾಗಿಲಿಗೆ ಕೂರುವ ಪಟ್ಟಿಗಳನ್ನು ತಗಡಿನಿಂದ ಕತ್ತರಿಸುವ ಪ್ರೆಸ್ಸು ಅದು, ನಿಮಿಷಕ್ಕೆ ನಲವತ್ತು ಏಟು. ಒಳಗಿನ ಅಚ್ಚು ಕೂದಲೆಳೆಯಷ್ಟು ಒಡೆದರೂ ಭರಮಪ್ಪ ಏಟಿನ ಸದ್ದಿನಲ್ಲೇ ಹಿಡಿದು, ಯಂತ್ರ ನಿಲ್ಲಿಸುತ್ತಿದ್ದ. ಕಂಪನಿ ಕೊಟ್ಟ ಹಳದಿ ಇಯರ್‌ಪ್ಲಗ್ಗು ಜೇಬಿನಲ್ಲೇ ಇರುತ್ತಿತ್ತು. ಕಿವಿ ಮುಚ್ಚಿಕೊಂಡರೆ ಯಂತ್ರದ ಮಾತು ಕೇಳುವುದಾದರೂ ಹೇಗೆ?

ಹದಿನಾಲ್ಕು ವರ್ಷ ಹಾಗೆ ಕೇಳಿದ್ದಕ್ಕೆ ಕಿವಿ ಈಗ ಬೆಲೆ ಕೇಳುತ್ತಿತ್ತು. ಎರಡು ವರ್ಷದಿಂದ ಮಾತುಗಳು ತುದಿ ಸವೆದು ಬರುತ್ತಿದ್ದವು. ಒಳಗೆಲ್ಲೋ ಸದಾ ಒಂದು 'ಗುಂಯ್'. ಇದು ಅವನಿಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಾಗಬಾರದಿತ್ತು. ವರ್ಷಕ್ಕೊಮ್ಮೆ ಫ್ಯಾಕ್ಟರಿಗೆ ಕಿವಿ ಪರೀಕ್ಷೆಯ ವ್ಯಾನು ಬರುತ್ತದೆ. ಗಾಜಿನ ಗೂಡಿನಲ್ಲಿ ಕೂರಿಸಿ, ಹೆಡ್‌ಫೋನು ಹಾಕಿ, 'ಕುಂಯ್' ಎಂದಾಗ ಗುಂಡಿ ಒತ್ತು ಎನ್ನುತ್ತಾರೆ. ಫೇಲಾದವರನ್ನು ಪ್ರೆಸ್ಸಿನಿಂದ ಕಿತ್ತು ಪ್ಯಾಕಿಂಗಿಗೆ ಹಾಕುತ್ತಾರೆ ಅನ್ನುವ ಮಾತಿತ್ತು. ಭರಮಪ್ಪ ಗಾಜಿನಾಚೆಯ ಟೆಕ್ನಿಷಿಯನ್ನನ ಬೆರಳನ್ನೇ ನೋಡುತ್ತಿದ್ದ. ಅದು ಅಲ್ಲಾಡಿದಾಗ ಇವನು ಗುಂಡಿ ಒತ್ತುತ್ತಿದ್ದ. ಎರಡು ವರ್ಷ ಹಾಗೇ ಪಾಸಾಗಿದ್ದ.

ಆರನೇ ಹಾಡಿನ ಭಾನುವಾರ ಬಂತು.

ಶುರುವಿನಿಂದಲೇ ಬಿರುಗಾಳಿ. ಗಿಟಾರು, ಡೋಲು, ಕೂಗು ಎಲ್ಲ ಒಂದರ ಮೇಲೊಂದು ಬಿದ್ದು, ಗೋಪುರವೇ ಉರುಳಿತು ಅನ್ನುವಾಗ ಒಮ್ಮೆಲೇ ನಿಂತವು. ಭರಮಪ್ಪ ಕಣ್ಣು ಮುಚ್ಚಿ ಕಾದ. ಏನೂ ಇಲ್ಲ. ಇನ್ನೂ ಕಾದ. ಒಂದು ನಿಮಿಷದ ತನಕ ಏನೂ ಇಲ್ಲ. ಕಣ್ಣು ಬಿಟ್ಟು ನೋಡಿದರೆ ಎಲ್ಲರೂ ತಲೆ ಒಂದಿಷ್ಟು ವಾಲಿಸಿ ಕೂತಿದ್ದರು. ಸಿದ್ದಕ್ಕನ ಬೆರಳು ತೊಡೆಯ ಮೇಲೆ ಎರಡು ಸಲ ಅಲ್ಲಾಡಿತು. ನೊಣ ಕೂತಿರಬೇಕು ಅಂದುಕೊಂಡ.

ಹಾಡು ಮುಗಿಯಿತು. ಸ್ಪೂರ್ತಿ ಬಾಯಿ ತೆರೆಯುವ ಮೊದಲೇ ಭರಮಪ್ಪ ಶುರು ಮಾಡಿದ. ಅವತ್ತು ಮಾತು ತಾನಾಗಿ ಬಂತು.

"ಇದು ಬಯಲ ಪದ. ದೀಪಾ ಕಾಯಾಂವ ದೀಪಾ ಹಚ್ಚಲಿಲ್ಲ, ಹಾಡಾವ್ರು ಹಾಡು ಹಚ್ಚಲಿಲ್ಲ. ಇಷ್ಟೊತ್ತು ಗದ್ದಲಾ ಕೇಳಿದ್ವೆಲ್ಲ, ಆ ಗದ್ದಲಾ ಇದ್ದದ್ದು ಎಲ್ಲಿ? ಈ ಬಯಲಾಗ. ಅದನ್ನ ತೋರಸಾಕ ಗದ್ದಲಾ ತಗದ್ರು. ನಾ ಐದು ವರ್ಷ ಗ್ವಾಡಿ ಕಟ್ಟೀನಿ. ಎಲ್ಲಾರೂ ಗ್ವಾಡಿ ಎಣಸ್ತಾರ. ಆದ್ರ ಸಂಸಾರಾ ಮಾಡೂದು ಗ್ವಾಡ್ಯಾಗಲ್ಲ, ಗ್ವಾಡಿ ನಡುವಿನ ಬಯಲಿನ್ಯಾಗ."

ಯಾರೂ ಸವಾಲು ಹಾಕಲಿಲ್ಲ. ಪಿಳ್ಳಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸ್ಪೂರ್ತಿ ಅಷ್ಟನ್ನೂ ಮೊಬೈಲಿನಲ್ಲಿ ಬರೆದುಕೊಂಡು, ಆ ಆಲ್ಬಮ್ಮಿನ ಹುಚ್ಚು ಹಿಡಿದವರೆಲ್ಲ ಸೇರಿರುವ ಒಂದು ಗ್ರೂಪಿಗೆ ಇಂಗ್ಲಿಷ್ ಮಾಡಿ ಹಾಕಿದಳು. ಪುಣೆಯವನೊಬ್ಬ, 'ಇಪ್ಪತ್ತು ವರ್ಷ ಕೇಳಿದ್ದೇನೆ, ಹೀಗೆ ಯಾರೂ ಹೇಳಿರಲಿಲ್ಲ' ಎಂದು ಬರೆದ. 'ಯಾರೀ ಭರಮಪ್ಪ ಸರ್?' ಎಂದು ಇನ್ಯಾರೋ ಕೇಳಿದರು. ಸ್ಪೂರ್ತಿ ಓದಿ ಹೇಳಿದಾಗ ಭರಮಪ್ಪ ಮುಖ ಆಚೆ ತಿರುಗಿಸಿದ. ನಗು ಮಾತ್ರ ಕಿವಿಯ ತನಕ ಹೋಗಿತ್ತು.

ಮುಂದಿನ ಭಾನುವಾರ ಅದೇ ಪದ, ಅದರ ಮುಂದಿನ ಭಾನುವಾರವೂ ಅದೇ. ಬಿಲ್ಡಿಂಗಿನ ಬೇರೆ ರೂಮುಗಳವರೂ ಬಯಲಿನ ಅರ್ಥ ಕೇಳಲು ಇಣುಕಿ ಹೋದರು. "ಆಡಿದ್ದೇ ಆಡೋ ಕಿಸಬಾಯಿ ದಾಸ ಅಂದಂಗಾಯ್ತು ನಿಮ್ ಕತೆ," ಎಂದು ಪಿಳ್ಳಮ್ಮ ಗೊಣಗಿದರೂ ತಾನೇ ಮೊದಲು ಬಂದು ಕೂರುತ್ತಿದ್ದಳು.

ನಾಲ್ಕನೇ ಸಲಕ್ಕೆ ಒಬ್ಬಳು ಹೊಸಬಳು ಬಂದಳು. ಯಮನೂರನ ಹೆಂಡತಿ ಮಹಾನಂದಾ. ಮದುವೆಯಾಗಿ ಎರಡು ತಿಂಗಳು, ಹನುಮಸಾಗರದಿಂದ ಬಂದು ಮೂರು ದಿನ. ಹಾಡು ಮುಗಿಯಿತು, ಭರಮಪ್ಪ ಬಯಲಿನ ಅರ್ಥ ಹೇಳಿದ, ಎಲ್ಲರೂ ತಲೆದೂಗಿದರು. ಮಹಾನಂದಾ ಗಂಡನ ಕಡೆ ನೋಡಿ, ಸಿದ್ದಕ್ಕನ ಕಡೆ ನೋಡಿ, ಕೊನೆಗೆ ಧೈರ್ಯ ಮಾಡಿದಳು.

"ಮಾವಾರ, ಒಂದ ಸವಾಲ ಕೇಳ್ಲ್ಯಾ?"

"ಕೇಳವಾ. ಕೇಳಾಕ ಕೂತೀವಿ."

"ಎಲ್ಲಾ ಬಯಲು ಅಂದ್ರಿ. ಮತ್ತ ಆ ಸಣ್ಣ ಗಂಟಿ ಯಾರ ಬಾರಸಾಕತ್ತಾರ?"

"ಯಾವ ಗಂಟಿ?" ಎಂದ ಭರಮಪ್ಪ.

ಗಂಟೆ ಇತ್ತು. ಬಿರುಗಾಳಿ ನಿಂತ ಮೇಲೆ ಒಂದು ಸಣ್ಣ ಗಂಟೆ, ಟಿಂಗ್… ಟಿಂಗ್… ಎಂದು ಆ ಇಡೀ ನಿಮಿಷ ಬಡಿಯುತ್ತಿತ್ತು. ಮೊದಲ ದಿನದಿಂದ ಎಲ್ಲರೂ ಕೇಳಿದ್ದರು. ಭರಮಪ್ಪ ಬಯಲು ಎಂದಾಗ, ದೊಡ್ಡ ಮಾತು ಹೇಳುತ್ತಿದ್ದಾನೆ, ಗಂಟೆಯ ಒಳಗೂ ಬಯಲಿದೆ ಎಂಬ ಗುಟ್ಟನ್ನು ಬಿಚ್ಚುತ್ತಿದ್ದಾನೆ, ನಮಗೇ ತಲೆಗೆ ಹತ್ತಿಲ್ಲ ಅಂದುಕೊಂಡಿದ್ದರು. ಅವನಿಗೆ ಅದು ಕೇಳಿಸೇ ಇಲ್ಲ ಅಂತ ಅವರಿಗೆ ಹೊಳೆದಿರಲಿಲ್ಲ. ಸಿದ್ದಕ್ಕ ಮಾತ್ರ ತಲೆ ತಗ್ಗಿಸಿ ಕೂತಿದ್ದಳು.

ಸ್ಪೂರ್ತಿ ಹಾಡನ್ನು ಹಿಂದಕ್ಕೆ ತಳ್ಳಿ, ಸೌಂಡ್ ಪೂರ್ತಿ ಏರಿಸಿ, ಸ್ಪೀಕರನ್ನು ಭರಮಪ್ಪನ ಮೊಣಕಾಲ ಬಳಿಗೆ ಸರಿಸಿದಳು. ಅವನು ಕೇಳಿದ. ಸದ್ದು ಬರಲಿಲ್ಲ. ಕಂಡದ್ದು ಸುತ್ತಲಿನ ಕಣ್ಣುಗಳು. ಎಲ್ಲರ ರೆಪ್ಪೆಯೂ ಒಟ್ಟಿಗೆ ಒಂದು ಸಲ ಬಡಿಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಸಲ.

"ಹಾಂ… ಐತಿ, ಐತಿ. ಈಗ ಬಂತು ನೋಡು," ಎಂದ.

ಆ ಹೊತ್ತಿಗೆ ಗಂಟೆ ನಿಂತು ಹೋಗಿತ್ತು. ಯಮನೂರ ಇಂಥ ಕಡೆ ಎಂದೂ ಬಿಟ್ಟವನಲ್ಲ. ಅವತ್ತು ಅವನ ಬಾಯಿಂದ ಒಂದು ತಮಾಷೆಯೂ ಬರಲಿಲ್ಲ. ಭರಮಪ್ಪನಿಗೆ ಎದೆಗೆ ಗುದ್ದಿದ್ದು ಅದು. ಚಪ್ಪಲಿ ಮೆಟ್ಟಿ, "ನೀರು ಹಿಡಿಯೂದೈತಿ" ಎಂದು ಇಳಿದು ಹೋದ.

ಮರುದಿನ ಬೆಳಿಗ್ಗೆ ಸಿದ್ದಕ್ಕ ರೊಟ್ಟಿ ಬಡಿಯುತ್ತಿದ್ದಳು. ಭರಮಪ್ಪ ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದ.

"ನಿನಗ ಗೊತ್ತಿತ್ತು?"

"ಎರಡು ವರ್ಷಾತು. ಹಿಂದ ನಿಂತು ಕರದ್ರ ನೀವು ತಿರಗೂದಿಲ್ಲ. ಅದಕ್ಕ ನಾ ಮುಂದ ಬಂದು ಕರಿಯಾಕ ಹತ್ತೀನಿ."

"ಮತ್ತ ಹೇಳಬಾರ್ದಾ?"

"ಹೇಳೀನಿ. ನಿಮಗ ಕೇಳಸಿಲ್ಲ."

ಅವನಿಗೆ ನಗು ಬರಬೇಕಿತ್ತು, ಬರಲಿಲ್ಲ. ಸಿದ್ದಕ್ಕ ಹಿಟ್ಟಿನ ಕೈ ಕೊಡವಿ ಅವನ ಎದುರು ಬಂದು ಕೂತಳು. "ಶುಕ್ರವಾರ ಆ ವ್ಯಾನ ಬರ್ತೈತಂತ. ಈ ಸಲ ಕಿವೀಲೆ ಕೇಳ್ರಿ."

"ಪ್ರೆಸ್ ಬಿಡಸ್ತಾರಲೇ. ಪ್ಯಾಕಿಂಗಿನ್ಯಾಗ ಕೂತು ಡಬ್ಬಿಗೆ ಟೇಪ್ ಹಚ್ಲೇನು, ಈ ವಯಸ್ನ್ಯಾಗ? ಕಿವಿ ಇಲ್ಲಂದ್ರ ನಾ ಯಾರು?"

ಅವಳು ಎದ್ದು ಒಲೆಯ ಕಡೆ ಹೋದಳು. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು.

ಅವನ ಪ್ರಶ್ನೆಗೆ ಉತ್ತರ ಬುಧವಾರ ಫ್ಯಾಕ್ಟರಿಯಲ್ಲಿ ಸಿಕ್ಕಿತು. ಮಧ್ಯಾಹ್ನದ ಊಟ ಮುಗಿಸಿ ಪ್ರೆಸ್ ಶುರು ಮಾಡಿದ್ದರು. ಭರಮಪ್ಪನ ಕೈ ಗುಂಡಿಯ ಮೇಲೆ, ಯಮನೂರನ ಕೈ ತಗಡಿನ ಮೇಲೆ. ಇದ್ದಕ್ಕಿದ್ದಂತೆ ಯಮನೂರ ಹಿಂದಕ್ಕೆ ಹಾರಿ ಕೆಂಪು ಗುಂಡಿಗೆ ಗುದ್ದಿದ. ಯಂತ್ರ ನಿಂತಿತು.

"ಏನಾತಲೇ?"

"ಗಾಳಿ ಪೈಪ್ ಸೋರಾಕತ್ತೈತಿ ಮಾವಾ. ಸುಂಯ್ ಅನ್ನಾಕತ್ತಿತ್ತು, ಬಾಳ ಹೊತ್ತಾತು. ನೀ ಬಂದ್ ಮಾಡ್ತೀ, ಮಾಡ್ತೀ ಅಂತ ನೋಡಿದೆ."

ಆ ಪೈಪಿನಲ್ಲಿ ಗಾಳಿ ಇಳಿದರೆ ಪ್ರೆಸ್ಸು ಹೇಳಿದ ಕಡೆ ನಿಲ್ಲುವುದಿಲ್ಲ. ಅದರ ಸುಳಿವನ್ನು ಇಡೀ ಶಾಪಿನಲ್ಲಿ ಮೊದಲು ಹಿಡಿಯುತ್ತಿದ್ದವನು ಭರಮಪ್ಪ. ಅವನು ಪೈಪಿನ ಹತ್ತಿರ ಕಿವಿ ಒಯ್ದ. ಕೆನ್ನೆಗೆ ತಣ್ಣನೆಯ ಗಾಳಿ ತಾಗಿತು. ಕಿವಿಗೆ ಏನೂ ಬರಲಿಲ್ಲ. ತಿರುಗಿ ಯಮನೂರನ ಕೈಗಳನ್ನು ನೋಡಿದ, ಹತ್ತು ಬೆರಳನ್ನೂ ಒಂದೊಂದಾಗಿ. ಮದುವೆಯ ಉಂಗುರ ಇನ್ನೂ ಹೊಳೆಯುತ್ತಿತ್ತು.

ಶುಕ್ರವಾರ ಅವನು ಗಾಜಿನ ಗೂಡಿನೊಳಗೆ ಹೋಗಿ, ಸ್ಟೂಲನ್ನು ಗೋಡೆಯ ಕಡೆ ತಿರುಗಿಸಿ ಕೂತ. "ಈ ಕಡೆ ತಿರುಗಿ ಅಣ್ಣ" ಎಂದ ಟೆಕ್ನಿಷಿಯನ್.

"ಬ್ಯಾಡ. ಹಿಂಗ ಇರ್ಲಿ."

ಗುಂಡಿ ಒತ್ತಲು ಹೆಬ್ಬೆರಳು ಸಿದ್ಧವಾಗಿತ್ತು. ಶುರುವಿನಲ್ಲಿ ನಾಲ್ಕೈದು ಸಲ ಒತ್ತಿದ. ಆಮೇಲೆ ಬಹಳ ಹೊತ್ತು ಹೆಬ್ಬೆರಳು ಸುಮ್ಮನೇ ಕೂತಿತು. ಗೋಡೆಯಲ್ಲಿ ಒಂದು ಸ್ಕ್ರೂ ಸಡಿಲವಾಗಿರುವುದು ಕಂಡಿತು. ಒಳಗಿನ 'ಗುಂಯ್' ಬಿಟ್ಟರೆ ಎಲ್ಲ ಬಯಲು.

ಡಾಕ್ಟರ್ ಶ್ಯಾಮಲಾ ಮೇಡಂ ಕಾಗದ ಮುಂದೆ ಇಟ್ಟರು. ಗೆರೆ ಸ್ವಲ್ಪ ದೂರ ಸಮನಾಗಿ ನಡೆದು, ಬಾವಿಗೆ ಇಳಿಯುವ ಮೆಟ್ಟಿಲಿನಂತೆ ಕೆಳಗೆ ಹೋಗಿತ್ತು.

"ಹೋದ್ವರ್ಷದ ರಿಪೋರ್ಟ್ ನೋಡಿದ್ರೆ ನಿಮ್ದು ಇಪ್ಪತ್ತು ವರ್ಷದವ್ರ ಕಿವಿ. ಈ ವರ್ಷ ಹಿಂಗೆ. ಒಂದೇ ವರ್ಷದಲ್ಲಿ ಏನಾಯ್ತು?"

"ಹೋದ ವರ್ಷ ಕಣ್ಣೀಲೆ ಕೇಳಿದ್ನಿರಿ ಮೇಡಂ."

ಮೇಡಂ ಪೆನ್ನು ಕೆಳಗಿಟ್ಟರು. ನಕ್ಕರೋ ಬೈದರೋ ಅವನಿಗೆ ತಿಳಿಯಲಿಲ್ಲ. ಆಮೇಲೆ, ಅವನ ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ಹೇಳಿದರು: ಹೋದದ್ದು ತಿರುಗಿ ಬರುವುದಿಲ್ಲ. ಇರುವುದು ಕಡಿಮೆಯೇನಲ್ಲ, ಮಾತು ಕೇಳುತ್ತದೆ, ಡೋಲು ಕೇಳುತ್ತದೆ. ಅದನ್ನು ಕಾಪಾಡಿಕೊಳ್ಳಬೇಕು. ಕಿವಿಯ ಮಷೀನಿಗೆ ಇಎಸ್ಐ ಆಸ್ಪತ್ರೆಗೆ ಬರೆದು ಕೊಡುತ್ತೇನೆ, ಬರುವುದಕ್ಕೆ ಕೆಲವು ತಿಂಗಳು ಹಿಡಿಯಬಹುದು. ಪ್ರೆಸ್ಸಿಗೆ ಮಾತ್ರ ಇನ್ನು ಬೇಡ.

ಫೋರ್‌ಮನ್ ಸೊಣ್ಣಪ್ಪ, ಹೆಬ್ಬಗೋಡಿ ಕಡೆಯವನು, ಕಾಗದ ಓದಿ ತಲೆ ಕೆರೆದುಕೊಂಡ. ಭರಮಪ್ಪ ಪ್ಯಾಕಿಂಗ್ ಎಂಬ ಮಾತಿಗಾಗಿ ಕಾಯುತ್ತ ನಿಂತಿದ್ದ.

"ಪ್ಯಾಕಿಂಗ್‌ಗಾ? ನಿನ್ನಾ? ತಲೆ ಕೆಟ್ಟದಾ ನಂಗೆ? ಟೂಲ್ ರೂಮ್‌ಗೆ ವೋಗಪ್ಪ. ಅಲ್ಲಿ ಸದ್ದಿಲ್ಲ. ಅಚ್ಚು ಕೂರ್ಸಾಕೆ ಬೆರಳು ಬೇಕು, ಕಿವಿ ಯಾಕೆ? ಅಚ್ಚು ಎಲ್ಲಿ ಒಡೀತದೆ ಅಂತ ನಿಂಗ್ ಗೊತ್ತಿರೋ ಅಷ್ಟು ಆ ಇಂಜಿನಿಯರ್‌ಗಳ್ಗೂ ಗೊತ್ತಿಲ್ಲ. ಇನ್ನೊಂದು ವಿಸ್ಯ. ಇಯರ್‌ಪ್ಲಗ್ ಆಕ್ಕೊಳ್ಳಿ ಅಂತ ನಾನ್ ಬಡ್ಕೊಂಡ್ರೆ ಈ ನನ್ಮಕ್ಳು ಯಾರೂ ಕೇಳಾಕಿಲ್ಲ. ಸೋಮವಾರ ಶಿಫ್ಟ್ ಮುಂಚೆ ಎಲ್ರನ್ನೂ ನಿಲ್ಲುಸ್ತೀನಿ. ನಿನ್ ಬಾಯಲ್ಲೇ ಏಳ್ಬೇಕು ನೀನು."

ಶನಿವಾರ ಟೂಲ್ ರೂಮಿನಲ್ಲಿ ಅವನು ಒಂದು ಅಚ್ಚಿನ ಅಂಚಿಗೆ ಉಗುರು ಓಡಿಸಿ, ಅದರ ಒಂದು ಮೂಲೆಯಲ್ಲಿ ಬೆರಳು ನಿಲ್ಲಿಸಿದ. ಅಳೆದು ನೋಡಿದರು. ಅಲ್ಲಿ ಸವೆದಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಕ್ಕದವನು, "ಇದನ್ನೂ ನೋಡಿ ಭರಮಣ್ಣ" ಎಂದು ಇನ್ನೊಂದು ಅಚ್ಚು ಸರಿಸಿದ.

ಭಾನುವಾರ ನಾಲ್ಕಕ್ಕೆ ತಾರಸಿಯ ಮೇಲೆ ಎಲ್ಲರೂ ಇದ್ದರು, ಹಾಡು ಇರಲಿಲ್ಲ. ಸ್ಪೀಕರು ಸ್ಪೂರ್ತಿಯ ತೊಡೆಯ ಮೇಲೆ ಬಾಯಿ ಮುಚ್ಚಿ ಕೂತಿತ್ತು. ಮಹಾನಂದಾ ವಾರವಿಡೀ ಅತ್ತು ಕಣ್ಣು ಊದಿಸಿಕೊಂಡಿದ್ದಳು. ಪಿಳ್ಳಮ್ಮ ಎಲ್ಲರಿಗೂ ಸೇರಿಸಿ ಬೈಯುತ್ತಿದ್ದಳು.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ. ಅವ್ನು ಗಂಟೆ ಇಲ್ಲ ಅಂದ, ನಾವೂ ಊಂ ಅಂದ್ವಿ. ಓದಿರೋಳು ನೀನೂ ಊಂ ಅಂದೆ!"

"ಆಂಟಿ, ನಾನು ಅದ್ನ ಪುಣೆವರೆಗೂ ಕಳ್ಸಿದ್ದೀನಿ," ಎಂದಳು ಸ್ಪೂರ್ತಿ, ಅಳುವುದೊಂದು ಬಾಕಿ.

ಮೆಟ್ಟಿಲಲ್ಲಿ ಸಿದ್ದಕ್ಕ, ಅವಳ ಹಿಂದೆ ಭರಮಪ್ಪ ಕಂಡರು. ಅವನು ಬಂದು ತನ್ನ ಜಾಗದಲ್ಲೇ ಕೂತ.

"ಆರನೇ ಪದಾ ಹಚ್ಚು ತಂಗಿ."

ಸ್ಪೂರ್ತಿ ಪಿಳ್ಳಮ್ಮನ ಮುಖ ನೋಡಿದಳು.

"ನಾ ಹೇಳಿದ ಅರ್ಥ ತಪ್ಪಾತು. ತಪ್ಪಾದ್ರ ಇನ್ನೊಮ್ಮೆ ಕೇಳೂದು, ಅದ ರೂಢಿ. ಮಹಾನಂದಾ ಹಾಕಿದ ಸವಾಲಿಗೆ ಇನ್ನಾ ಜವಾಬ ಸಿಕ್ಕಿಲ್ಲ. ಮೊದಲ ಇದನ್ನ ಹೇಳ್ರಿ. ಆ ಗಂಟಿ ಹ್ಯಾಂಗೈತಿ? ನನಗ ಕೇಳೂದಿಲ್ಲ. ನೀವು ಹೇಳಬೇಕು."

'ನನಗ ಕೇಳೂದಿಲ್ಲ' ಎಂದು ಎಲ್ಲರ ಮುಂದೆ ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ನಾಲಿಗೆ ಹಗುರಾಯಿತು.

ಸ್ಪೂರ್ತಿ ಹಚ್ಚಿದಳು. ಬಿರುಗಾಳಿ ಬಂತು, ನಿಂತಿತು.

"ಸ್ಟೀಲ್ ಲೋಟಕ್ಕೆ ಸ್ಪೂನ್ ತಾಗಿದಂಗೆ," ಎಂದಳು ಸ್ಪೂರ್ತಿ.

"ಎಲ್ಲಿ ಸ್ಪೂನು! ಆಡಿನ ಕೊಳ್ಳಾಗಿನ ಗಂಟಿ ಇದ್ದಂಗೈತಿ," ಎಂದ ಯಮನೂರ.

"ಥೂ, ಆಡು ಅಂತೆ ಆಡು. ಮಂಗಳಾರತಿ ಗಂಟೆ ಕಣ್ಲಾ, ದೂರದಿಂದ ಕೇಳಿದ್ರೆ ಇಂಗೇ ಇರ್ತದೆ," ಎಂದಳು ಪಿಳ್ಳಮ್ಮ.

"ಬಳಿ ಒಂದಕ್ಕೊಂದು ತಾಗಿದಂಗ ಅನಸ್ತದ ನನಗ," ಎಂದಳು ಮಹಾನಂದಾ, ಮೆಲ್ಲಗೆ.

"ಏನ್ರಿ ಇದು," ಎಂದ ಭರಮಪ್ಪ. "ನಾ ಕಿವುಡ, ಸರಿ. ನೀವು ನಾಕು ಮಂದಿ ನಾಕು ಗಂಟಿ ಕೇಳೀರಿ."

ಮೊದಲು ನಕ್ಕವನು ಯಮನೂರ. ಆಮೇಲೆ ಜಗಳ ಎದ್ದಿತು. ಲೋಟವೋ, ಆಡೋ, ಆರತಿಯೋ, ಬಳೆಯೋ? ಐದು ಸಲ ಹಾಡು ಹಿಂದಕ್ಕೆ ಹೋಗಿ ಬಂತು. ಎಷ್ಟು ಸಲ ಬಡಿಯುತ್ತದೆ ಎಂದು ಭರಮಪ್ಪ ಕೇಳಿದರೆ ಅದಕ್ಕೂ ಒಬ್ಬೊಬ್ಬರದು ಒಂದೊಂದು ಲೆಕ್ಕ. ಕೊನೆಗೆ ಅವನು ಅಂಗೈ ಚಾಚಿದ.

"ಸಿದ್ದೀ, ತಾಳಾ ಹಿಡಿಯಾಕಿ ನೀನು. ಅದು ಬಡದಂಗ ನನ್ನ ಕೈಮ್ಯಾಲ ಬಡಿ. ಹೆಚ್ಚೂ ಬ್ಯಾಡ, ಕಡಿಮೀನೂ ಬ್ಯಾಡ."

ಸಿದ್ದಕ್ಕ ಅವನ ಎದುರು ಕೂತು ಕಣ್ಣು ಮುಚ್ಚಿದಳು. ಬಿರುಗಾಳಿ ನಿಂತಿತು. ಅವಳ ಬೆರಳು ಅಂಗೈ ಮೇಲೆ ಒಂದು ಸಲ ಬಿದ್ದು ಎದ್ದಿತು. ಉಸಿರು ಎಳೆದು ಬಿಡುವಷ್ಟು ಹೊತ್ತು. ಮತ್ತೊಂದು. ಭರಮಪ್ಪ ಎಣಿಸಿದ. ಮೂರನೆಯದಕ್ಕಿಂತ ನಾಲ್ಕನೆಯದು ತಡ, ಐದನೆಯದು ಇನ್ನೂ ತಡ. ಬಡಿಯುವ ಕೈ ಸೋಲುತ್ತಿತ್ತು. ಆರು. ಏಳನೆಯದಕ್ಕೆ ಬೆರಳು ಬಿತ್ತು, ಏಳಲಿಲ್ಲ. ಅಂಗೈಗೆ ಒತ್ತಿಕೊಂಡು ಅಲ್ಲೇ ನಿಂತಿತು.

"ಯಾಕ ಬಿಟ್ಟಿ?"

"ಬಿಟ್ಟಿಲ್ಲ. ಕಡೀದು ಹಂಗ ಐತಿ," ಎಂದಳು ಸಿದ್ದಕ್ಕ. "ಉಳದ ಆರೂ ಎಳದಾ ಎಳಕೊಂಡು ಹೋಗ್ತಾವ. ಇದು ಬಡದ ಕೂಡ್ಲೆ ನಿಲ್ತೈತಿ."

ಸ್ಪೂರ್ತಿ ಕೊನೆಯ ಏಟನ್ನಷ್ಟೇ ಕೇಳಿದಳು. ಇನ್ನೊಮ್ಮೆ ಕೇಳಿದಳು. "ಹೌದು ಕಣ್ರೀ… ಹತ್ತು ವರ್ಷದಿಂದ ಕೇಳ್ತಿದ್ದೀನಿ, ಇದನ್ನ ಗಮನಿಸೇ ಇಲ್ಲ."

"ಗಂಟಿ ತಾನ ಹಂಗ ನಿಲ್ಲೂದಿಲ್ಲ," ಎಂದ ಭರಮಪ್ಪ. "ಕೈಯಿಂದ ಹಿಡೀಬೇಕು. ಬಡಿಯಾಂವ ದಣದಿದ್ದ. ಅವನ ಗಂಟೀನ ಇನ್ನೊಬ್ಬರು ಹಿಡದಾರ. ಗೋಪುರದಾಗ ಅವನೊಬ್ಬನ ಅಲ್ಲೇನು ಇದ್ದದ್ದು? ಯಾರ ಬಂದ್ರು?"

ಸ್ಪೂರ್ತಿ ಬಾಯಿಗೆ ಕೈ ಅಡ್ಡ ಹಿಡಿದಳು. "ಅಣ್ಣ… ಏಳನೇ ಹಾಡಿಂದ ಅವನು 'ನಾನು' ಅನ್ನಲ್ಲ. 'ನಾವು' ಅಂತಾನೆ. ಯಾಕೆ ಅಂತ ನಮ್ ಗ್ರೂಪಲ್ಲಿ ಎಲ್ರೂ ಕಿತ್ತಾಡ್ತಾರೆ."

"ಹೆಂಡ್ತಿ ಬಂದವ್ಳೆ, ಇನ್ಯಾರು," ಎಂದಳು ಪಿಳ್ಳಮ್ಮ.

"ರಿಲೀವರ್ ಬಂದಾನ!" ಎಂದ ಯಮನೂರ.

"ಮುಳಗಿದ ಹಡಗಿನ್ಯಾಗಿಂದ ಈಜಿ ಬಂದಾರ," ಎಂದಳು ಮಹಾನಂದಾ. ಎಲ್ಲರೂ ಅವಳ ಕಡೆ ತಿರುಗಿದರು.

ಸ್ಪೂರ್ತಿ ಆಗಲೇ ಮೊಬೈಲು ತೆಗೆದು ಬರೆಯತೊಡಗಿದ್ದಳು. ಭರಮಪ್ಪ ಅವಳ ಕೈ ತಡೆದ.

"ತಡೀ ತಂಗಿ, ಪುಣೆಕ್ಕ ಆಮ್ಯಾಲ ಕಳಸೂನು. ಹೋದ ಸಲದ್ದು ಏನಾತು ನೋಡಿದೆಲ್ಲ," ಎಂದು ಮತ್ತೆ ಅಂಗೈ ಚಾಚಿದ. "ಇನ್ನೊಮ್ಮೆ ಹಚ್ಚು. ಈ ಸಲ ಮಹಾನಂದಾ ಬಡೀಲಿ."